ಬಂಪರ್ ಮೇಲಿನ ನನ್ನ ಜಾಗ

ಐಮಂಗಲದ ಹತ್ತಿರ ನಮ್ಮ ಹೊಲ ಇರುವುದು ಒಂದು ದಿಣ್ಣೆಯ ಮೇಲೆ. ಟ್ರೈಲರ್ ತುಂಬ ಗೊಬ್ಬರ ಹೇರಿಕೊಂಡು ಹತ್ತುವಾಗ ನಮ್ಮ ಹಳೆಯ ಟ್ರ್ಯಾಕ್ಟರ್ ಮೂತಿ ಎತ್ತುತ್ತದೆ. ಮದುವೆಯಾದ ಹೊಸತರಿಂದಲೂ ಅದಕ್ಕೆ ಮದ್ದು ನಾನೇ ಆಗಿದ್ದೆ.

"ಏ ಕಾನ್ವೆಂಟು, ಹತ್ತೇ ಬೇಗ!" ಎನ್ನುತ್ತಿದ್ದರು ನಮ್ಮವರು.

ನಾನು ಮುಂದಿನ ಬಂಪರ್ ಮೇಲೆ ನಿಂತು, ಬಾನೆಟ್ ಹಿಡಿದು, ಅವರ ಕಡೆ ಮುಖ ಮಾಡುತ್ತಿದ್ದೆ. Very unladylike! ನಮ್ಮ ಶಾಲೆಯ ಸಿಸ್ಟರ್ ಕಂಡಿದ್ದರೆ ಅಸೆಂಬ್ಲಿಯಲ್ಲಿ ನಿಲ್ಲಿಸುತ್ತಿದ್ದರು. ದಿಣ್ಣೆ ಮುಗಿಯುವವರೆಗೂ ಅವರು ದಾರಿ ನೋಡುತ್ತಿದ್ದರು, ನಾನು ಅವರನ್ನು.

ಅವರು ಹೋಗಿ ಎರಡು ವರ್ಷವಾಯಿತು. ಆಮೇಲೆ ಮೊದಲ ಸಲ ಈಗ ಗೊಬ್ಬರ ಹೊಡೆಯುವಾಗ ಮುಂದಿನ ಚಕ್ರಗಳು ಮೊಣಕಾಲೆತ್ತರ ಎದ್ದವು. ನಮ್ಮ ಹಳೆಯ ಡ್ರೈವರ್ ಬೆವೆತು ಕೆಳಗಿಳಿದ.

"ಅಮ್ಮಾರೇ, ನಂಗೂ ಹೆಂಡ್ತಿ ಮಕ್ಳು ಅವ್ರೆ. ಮಾರಿಬಿಡ್ರಿ ಇದನ್ನ."

"ಮುಂದೆ ತೂಕ ಹಾಕಿದರೆ ಓಡಿಸ್ತೀಯೇನಪ್ಪ?"

"ತೂಕ ಕುಂತ್ರೆ ಓಡಿಸ್ತೀನಿ. ಮತ್ತೆ ಎದ್ರೆ ಮಾತ್ರ ನಾ ಹತ್ತಲ್ಲ, ನೋಡ್ರಿ."

ಅವರು ಕೂರುತ್ತಿದ್ದ ಸೀಟನ್ನು ಗುಜರಿಯವನಿಗೆ ಕೊಡಲು ನನಗೆ ಮನಸ್ಸಿರಲಿಲ್ಲ. ಎರಡು ಖಾಲಿ ಎಣ್ಣೆ ಟಿನ್‌ಗಳಿಗೆ ಮರಳು ತುಂಬಿಸಿದೆ. ಅರ್ಧ ದಾರಿಗೇ ತಗಡು ಹರಿದು ಮರಳೆಲ್ಲ ಸುರಿಯಿತು.

"ರಂಗೋಲಿ ಚೆಂದಾಗೈತೆ, ಅಮ್ಮಾರೇ" ಎಂದ.

ಆಮೇಲೆ ಬೇರೆ ಟಿನ್‌ಗಳಲ್ಲಿ ಕಬ್ಬಿಣದ ಕೊಕ್ಕೆ ನಿಲ್ಲಿಸಿ ಕಾಂಕ್ರೀಟ್ ಹಾಕಿಸಿದೆ. ವಾರವಿಡೀ ನಾನೇ ನೀರುಣಿಸಿದೆ. ಒಂದೊಂದೂ ಸುಮಾರು ನಲವತ್ತು ಕೆ.ಜಿ. ಎರಡೂ ಸೇರಿದರೆ ಆಗಿನ ನನಗಿಂತ ಹೆಚ್ಚೇ. ವೆಲ್ಡಿಂಗ್‌ನವನು ಬಂಪರ್‌ಗೆ ಬಿಗಿದು ಹೋದ ಮೇಲೆ, ಡ್ರೈವರ್ ಎರಡಕ್ಕೂ ಮೂರು ಬೆರಳಲ್ಲಿ ವಿಭೂತಿ ಬಳಿದ.

ಟ್ರೈಲರ್ ತುಂಬಿಸಿ ಹೊರಟ. ನಾನು ಕೆಳಗೆ ಸೆರಗು ಹಿಡಿದು ನಿಂತೆ. ಇಂಜಿನ್ ಗುರುಗುಟ್ಟಿತು, ಹೊಗೆ ಕಾರಿತು. ಚಕ್ರಗಳು ನೆಲ ಬಿಡಲಿಲ್ಲ.

ಮೇಲಿನಿಂದ ಕೂಗಿದ: "ಮಾರೋದು ಬ್ಯಾಡ ಬಿಡ್ರಿ! ಬರ್ರಿ, ನೋಡ್ರಿ!"

Coming, coming, ಎಂದೆ. ಅಷ್ಟು ದೂರ ಅವನಿಗೆ ಕೇಳಿಸಿರಲಾರದು. ಹೊಸ ಗಾಲಿಯ ಗುರುತಿನ ಪಕ್ಕದಲ್ಲೇ ನಡೆದೆ. ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಗೊಬ್ಬರದ ದಿನ ಆ ದಿಣ್ಣೆಯನ್ನು ನಾನು ನಡೆದು ಹತ್ತಿದ್ದು ಅದೇ ಮೊದಲು.