ಅವ್ವನ ಬೆರಳು ಮತ್ತು ಬಿ12

ಅವ್ವನ ರೊಟ್ಟಿ ದಪ್ಪಗಾಗತೊಡಗಿದ್ದನ್ನು ಮೊದಲು ಗಮನಿಸಿದವನು ನನ್ನ ತಮ್ಮ. ಯಲಬುರ್ಗಾದ ನಮ್ಮ ಓಣಿಯಲ್ಲಿ ಯಾರ ಮನೆಯ ಮದುವೆಯಿದ್ದರೂ ರೊಟ್ಟಿ ಬಡಿಯಲು ಮೊದಲು ಅವಳನ್ನೇ ಕರೆಯುತ್ತಿದ್ದರು. ಎತ್ತಿ ಹಿಡಿದರೆ ಆಚೆಯ ಬೆಳಕು ಕಾಣಬೇಕು, ಅಷ್ಟು ತೆಳು. ಈಗ ಅಂಚು ಹರಿಯುತ್ತಿತ್ತು, ನಡುವೆ ಹಿಟ್ಟು ದಪ್ಪಗೆ ಉಳಿಯುತ್ತಿತ್ತು.

"ಕೈ ಜೋಮು ಹಿಡಿದಂಗ ಆಗೈತಿ, ದಣಿವು, ನಾಲಗಿ ಉರಿ ಬ್ಯಾರೆ. ವಾಯು ಇರಬೇಕು ಬಿಡು" ಅಂದಳು.

ಅರವತ್ತು ದಾಟಿದ ಹೆಂಗಸು, ಇದ್ದರೂ ಇರಬಹುದು ಅಂದುಕೊಂಡೆವು. ಸಂಜೆ ಎಣ್ಣೆ ಬಿಸಿ ಮಾಡಿ ಅವಳ ಕೈಕಾಲು ತಿಕ್ಕುತ್ತಿದ್ದೆ. ಹಿತವಾಗಿದೆಯೇ ಎಂದು ಕೇಳಿದರೆ "ಹ್ಞೂಂ" ಅನ್ನುತ್ತಿದ್ದಳು.

ಒಂದು ಮಂಗಳವಾರ ಅವ್ವನೊಂದಿಗೆ ಹುಲಿಗಿಯ ದೇವಿಯ ಗುಡಿಗೆ ಹೋಗಿದ್ದೆ. ದರ್ಶನ ಮುಗಿಸಿ, ಚಪ್ಪಲಿ ಹಾಕಿಕೊಂಡು ಬಸ್ಸಿನ ಕಡೆ ಹೊರಟೆವು. ನೆತ್ತಿ ಸುಡುವ ಬಿಸಿಲು. ಸ್ವಲ್ಪ ದೂರ ನಡೆದ ಮೇಲೆ ನೋಡಿದರೆ ಅವಳ ಒಂದು ಕಾಲು ಬರಿಗಾಲು.

"ಅವ್ವಾ, ಚಪ್ಪಲಿ ಎಲ್ಲೈತಿ?"

"ಕಾಲಾಗ ಐತಲ್ಲ" ಅಂದು ಕೆಳಗೆ ನೋಡಿದಳು. ನೋಡುತ್ತಲೇ ನಿಂತಳು. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ನಾನು ಹಿಂದಕ್ಕೆ ಓಡಿ ಚಪ್ಪಲಿ ಹುಡುಕಿ ತಂದೆ. ಅಂಗಾಲು ಕೆಂಪಗೆ ಸುಟ್ಟಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಮರುದಿನವೇ ಕೊಪ್ಪಳದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಗುಂಯ್‌ಗುಡುವ ಒಂದು ಕಬ್ಬಿಣದ ಕವೆಯನ್ನು ಅವಳ ಕಾಲಿನ ಹೆಬ್ಬೆರಳಿಗೆ ಒತ್ತಿ, "ನಡುಗೋದು ತಿಳೀತೈತೇನ್ರಿ?" ಎಂದು ಕೇಳಿದರು.

"ಏನೂ ತಿಳಿವಲ್ದ್ರಿ."

ರಕ್ತ ಪರೀಕ್ಷೆಯ ವರದಿ ಬಂದ ದಿನ ಅವರು ಅವ್ವನಿಗೇ ತಿಳಿಯುವಂತೆ ಹೇಳಿದರು. "ನೋಡ್ರಿ ಅವ್ವಾರ, ಕರೆಂಟಿನ ವೈರಿಗೆ ಮ್ಯಾಲೆ ಪ್ಲಾಸ್ಟಿಕ್ ಇರ್ತೈತಲ್ರಿ, ಹಂಗ ನರಗಳಿಗೂ ಒಂದು ಹೊದಿಕಿ ಇರ್ತೈತಿ. ಅದು ಛಲೋ ಇರಬೇಕಂದ್ರ ಬಿ12 ಅನ್ನೋ ವಿಟಮಿನ್ ಬೇಕು. ಹೊಸಾ ರಕ್ತ ಆಗಾಕೂ ಬೇಕು. ಬೇಕಾಗೋದು ಒಂದು ಚಿಟಿಕಿನೂ ಅಲ್ಲ. ಆದರ ಮೈ ಅದನ್ನ ತಾನ ಮಾಡಿಕೊಳ್ಳಂಗಿಲ್ಲ, ಊಟದಿಂದನ ಬರಬೇಕು."

"ನಾ ದಿನಾ ಪಲ್ಯ ತಿಂತೀನ್ರಿ ಸಾಹೇಬ್ರ. ಪುಂಡಿ, ಮೆಂತ್ಯೆ, ಕಾಳು, ಏನೂ ಬಿಟ್ಟಿಲ್ರಿ."

"ಅದೆಲ್ಲಾ ಬೇಕ್ರಿ. ಆದರ ಇದು ಕಾಯಿಪಲ್ಲೆದಾಗ ಇರಂಗಿಲ್ಲ. ಹಾಲು, ಮೊಸರು, ತತ್ತಿ, ಮಾಂಸ, ಇವುದರಾಗ ಇರ್ತೈತಿ."

ಅವ್ವ ನನ್ನ ಮುಖ ನೋಡಿದಳು. ನಮ್ಮ ಮನೆಯೊಳಗೆ ತತ್ತಿ ಬಂದದ್ದೇ ಇಲ್ಲ. ಹಾಲು ಮೊಸರಂತೂ ಅವಳಿಗೆ ಕೆಲವು ವರ್ಷಗಳಿಂದ ಒಗ್ಗುತ್ತಿರಲಿಲ್ಲ. ಹಾಲು ಕಾಯಿಸುವಾಗಿನ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಚಹಾವನ್ನೂ ಹಾಲು ಹಾಕದೆಯೇ ಕುಡಿಯುತ್ತಿದ್ದಳು. ಮೈಯಲ್ಲಿ ಕೂಡಿಟ್ಟದ್ದು ತೀರಲು ವರ್ಷಗಳೇ ಹಿಡಿಯುತ್ತವೆ, ಅದಕ್ಕೇ ಇಷ್ಟು ತಡವಾಗಿ ಗೊತ್ತಾಯಿತು ಎಂದರು ಡಾಕ್ಟರು.

"ಹೋದ ಸ್ಪರ್ಶ ತಿರುಗಿ ಬರ್ತೈತೇನ್ರಿ?" ಎಂದು ನಾನು ಕೇಳಿದೆ.

"ಸೂಜಿ ಮಾಡೋಣ್ರಿ. ಎಷ್ಟು ಬರ್ತೈತಿ ಅಂತ ಈಗ ಹೇಳಾಕ ಆಗಂಗಿಲ್ಲ."

ಬಸ್ಸಿನಲ್ಲಿ ಊರಿಗೆ ಬರುವಾಗ ಅವಳು ಉಗುರಿನಿಂದ ಒಂದೊಂದೇ ಬೆರಳ ತುದಿ ಚಿವುಟಿಕೊಳ್ಳುತ್ತಿದ್ದಳು. ನಾನು ಕಿಟಕಿಯಾಚೆಯ ಎರೆಹೊಲ ನೋಡುತ್ತ ಕೂತೆ. ನೋವಿದ್ದರೆ ಸಮಾಧಾನ ಹೇಳಬಹುದು. ನೋವೇ ತಿಳಿಯದವಳಿಗೆ ಏನು ಹೇಳುವುದು?

ಸೂಜಿಗಳಾದವು. ಆಯಾಸ ಹೋಯಿತು, ನಾಲಗೆಯ ಉರಿ ಹೋಯಿತು, ಕಾಲಿಗೂ ಕೊಂಚ ನೆಲ ಸಿಕ್ಕಿತು. ಮೂಗು ಹಿಡಿದು ಮೊಸರು ನುಂಗುವುದನ್ನೂ ಕಲಿತಳು. ಬೆರಳು ಮಾತ್ರ ಹಾಗೇ ಉಳಿದವು. ನರ ಬಹಳ ದಿನ ಹಸಿದಿದ್ದವು, ಇನ್ನು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದರು. ಅವ್ವನಿಗೆ ನಾನಿನ್ನೂ ಹೇಳಿಲ್ಲ.

ಮೊನ್ನೆ ಬೆಳಿಗ್ಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು. ಹೋಗಿ ಬಾಗಿಲಲ್ಲಿ ನಿಂತೆ. ಅವ್ವ ಬಡಿಯುತ್ತಿದ್ದಳು. ರೊಟ್ಟಿ ಹರಿಯಿತು. ಮುದ್ದೆ ಮಾಡಿ ಮತ್ತೆ ಬಡಿದಳು. ಮತ್ತೆ ಹರಿಯಿತು.

"ಈ ಸಲ ಹಿಟ್ಟು ಛಲೋ ಇಲ್ಲ ನೋಡು" ಅಂದಳು, ತಿರುಗಿ ನೋಡದೆಯೇ.

"ಹೌದವ್ವ," ಅಂದೆ. "ಹಿಟ್ಟು ಛಲೋ ಇಲ್ಲ."