ಕಾಣದ ದೀಪಕ್ಕೆ ಒತ್ತಿದ ಗುಂಡಿ

ಡಾಕ್ಟರರ ಮೇಲೆ ನನಗೆ ಮೊದಲಿನಿಂದಲೂ ಸಂಶಯ. ಪುಣೆಯ ಕೊಂಢವಾದಲ್ಲಿ ನಾನೂ ನನ್ನ ಗಂಡನೂ ಬ್ಲೌಸ್ ಪೀಸಿನ ಅಂಗಡಿ ನಡೆಸುತ್ತೇವೆ. ಟ್ಯೂಬ್‌ಲೈಟಿನಲ್ಲಿ ಕಂಡ ಬಣ್ಣವನ್ನು ನಂಬದೆ, ಬಟ್ಟೆಯನ್ನು ಬಾಗಿಲಿಗೆ ಒಯ್ದು ಬಿಸಿಲಿನಲ್ಲಿ ಸೀರೆಗೆ ಹೊಂದಿಸುವುದು ನಮ್ಮ ಕಸುಬು. ಅಂಥವಳನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಣ್ಣಿನ ಹಿಂದಿನ ನರ ಬಾತಿದೆ ಎಂದರೆ ಹೇಗೆ ನಂಬಲಿ?

ತಲೆನೋವಿತ್ತು, ನಿಜ. ಬಗ್ಗಿ ಎದ್ದರೆ ಎರಡು ಕ್ಷಣ ಎಲ್ಲ ಮಸುಕು. ಹೊಸ ಚಷ್ಮಾ ಕೇಳಲು ಹೋಗಿದ್ದೆ. ಡಾಕ್ಟರಮ್ಮ ಮೆದುಳಿನ ಸ್ಕ್ಯಾನಿಗೆ ಬರೆದರು. ಗಡ್ಡೆ ಇಲ್ಲ ಎಂದು ಬಂತು. ಆದರೂ ತಲೆಬುರುಡೆಯೊಳಗಿನ ನೀರಿನ ಒತ್ತಡ ಅಳೆಯಲು ಬೆನ್ನಿಗೆ ಸೂಜಿ ಹಾಕಬೇಕಂತೆ! ಮನೆಗೆ ಬಂದು ಕೂಗಾಡಿದೆ.

"ತ್ರಾಸು ಕಣ್ಣಿಂದು, ಸೂಜಿ ಬೆನ್ನಿಗೆ. ಇದರಾಗ ಏನೋ ಕಮಿಷನ್ ಅದರೀ."

"ತಲಿಯೊಳಗಿನ ನೀರು ಬೆನ್ನಿಗೂ ಇಳದಿರತದಂತ. ಭಾಳ ದಿನ ಬಿಟ್ರ ಕಣ್ಣು ಹೋಗತಾವಂತ," ಎಂದರು ಗಂಡ.

ಅದೇ ವಾರ ಇನ್ನೊಂದು ಪರೀಕ್ಷೆ. ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ಚಿಕ್ಕ ದೀಪ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಕಾಣಲಿಲ್ಲವೆಂದರೆ ಸೂಜಿ ತಪ್ಪಿದ್ದಲ್ಲ ಎನಿಸಿತು. ದೀಪ ಎಷ್ಟು ಹೊತ್ತಿಗೊಂದು ಬರುತ್ತದೆಂದು ಅಂದಾಜು ಹಿಡಿದು, ಕಾಣದಿದ್ದರೂ ಟಕ್ ಟಕ್ ಒತ್ತಿದೆ. ಡಾಕ್ಟರಮ್ಮ ಕಾಗದ ನೋಡಿ, ಇದು ನಂಬುವಂತಿಲ್ಲ, ಇನ್ನೊಮ್ಮೆ ಮಾಡಿ ಎಂದರು. ನನ್ನನ್ನೇ ಸುಳ್ಳಿ ಎನ್ನುತ್ತಾಳೆಯೇ ಎಂದು ಸಿಟ್ಟು ನೆತ್ತಿಗೇರಿತು. ಎದ್ದು ಬಂದವಳು ಒಂದು ತಿಂಗಳು ಆ ಕಡೆ ಹಾಯಲಿಲ್ಲ.

ಒಂದು ಮಧ್ಯಾಹ್ನ ಎಡಕ್ಕಿದ್ದ ಚಹಾದ ಕಪ್ಪು ಕಾಣದೆ, ಮೊಣಕೈ ತಾಗಿ, ಗಿರಾಕಿಯ ಸೀರೆಯ ಮೇಲೆ ಉರುಳಿತು. ಗಂಡ ನನ್ನ ಬಲಗಣ್ಣು ಮುಚ್ಚಿಸಿ ಎಡಬದಿಗೆ ಬೆರಳು ಎತ್ತಿ ಹಿಡಿದರು.

"ಎಷ್ಟವ?"

"ಎಲ್ಲಿ ಹಿಡದೀರಿ?"

ಅವರು ಹೊರಗೆ ಓಡಿ ರಿಕ್ಷಾ ಕರೆದರು. ಆಗ ಮೊದಲ ಸಲ ನನಗೆ ನಿಜವಾಗಿ ಭಯವಾಯಿತು.

ಸೂಜಿ ಹಾಕಿದರು. ಒತ್ತಡ ಬಹಳ ಏರಿತ್ತು. ಮಾತ್ರೆ ಶುರುವಾದವು, ತೂಕ ಇಳಿಸಲು ಹೇಳಿದರು. ಮಾತ್ರೆ ನುಂಗಿದರೆ ಬೆರಳು ಜುಮ್ಮೆನ್ನುತ್ತಿದ್ದವು. ಮೂರು ಔಷಧಿ ಅಂಗಡಿಗಳಲ್ಲಿ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಿನ ಮಾತ್ರೆ ನುಂಗಿದವಳು ನಾನು.

ಕೆಲವು ತಿಂಗಳಿಗೆ ನರದ ಬಾವು ಇಳಿಯಿತು, ಬಲಗಣ್ಣು ಉಳಿಯಿತು. ಎಡಗಣ್ಣಿನ ಒಂದು ಮೂಲೆಯ ನೋಟ ಮಾತ್ರ ಮರಳಲಿಲ್ಲ. ನಾನು ಮನೆಯಲ್ಲಿ ಕೂತ ಆ ತಿಂಗಳಲ್ಲೇ ಹೋಯಿತೇ, ಮೊದಲೇ ಹೋಗಿತ್ತೇ ಎಂದು ಕೇಳಿದೆ. ಡಾಕ್ಟರಮ್ಮ ಹಳೆಯ ಕಾಗದ ತೆಗೆದು ಮುಂದಿಟ್ಟರು. ಅದರಲ್ಲಿ ನಾನು ಎಲ್ಲ ದೀಪಗಳನ್ನೂ ಕಂಡಿದ್ದೆ.