ಜ್ವರದ ಸರದಿಯಲ್ಲಿ ಕಡಲಿಗೆ

ಮಂಗಳೂರಿನ ಕಡಲ ದಂಡೆಯಲ್ಲಿ ಒಂದು ವಾರ ಸುಮ್ಮನೆ ಕೂರಬೇಕೆಂಬುದು ನನ್ನ ಹೆಂಡತಿ ಸೀತಮ್ಮನ ಬಹುಕಾಲದ ಆಸೆ. ನಮ್ಮ ಮೂಡಿಗೆರೆ ಕಡೆ ಪ್ರಯಾಣಕ್ಕೆ ಪಂಚಾಂಗಕ್ಕಿಂತ ಮೊದಲು ಚಳಿಜ್ವರದ ಸರದಿ ನೋಡುತ್ತೇವೆ. ಅವಳಿಗೆ ಅದು ದಿನ ಬಿಟ್ಟು ದಿನ ಬರುತ್ತದೆ. ಬಿಡುವಿನ ದಿನವನ್ನೇ ಆರಿಸಿ ನಿನ್ನೆ ಬಣಕಲ್‌ಗೆ ಬಂದು ಕಾದೆವು, ಬಸ್ಸು ಬರಲಿಲ್ಲ. ಇಂದು ಬಂತು. ಇಂದು ಜ್ವರದ ದಿನ.

ಘಾಟಿಯ ಗೇಟಿನಲ್ಲಿ ಪ್ಲೇಗಿನ ತಪಾಸಣೆಯಿದೆ. ಮೈ ಬಿಸಿಯಿದ್ದವರನ್ನು ಇಳಿಸಿ ಹಿಂದಕ್ಕೆ ಕಳಿಸುತ್ತಾರೆ. ಗೇಟು ಕಾಣುವಷ್ಟರಲ್ಲಿ ಸೀತಮ್ಮನ ಕಣ್ಣು ಕೆಂಪಾಗಿತ್ತು.

“ಶುರುವಾಯ್ತಾ?” ಎಂದೆ.

“ನೀವು ಆ ಕಡೆ ತಿರುಗಿ ಕೂತ್ಕಳಿ. ನಿಮ್ಮ ಮುಖ ನೋಡಿಯೇ ನನ್ನ ಇಳಿಸಿಬಿಡ್ತಾರೆ.”

ಕಿವಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡ ಆರೋಗ್ಯ ಇನ್‌ಸ್ಪೆಕ್ಟರು ಬಸ್ಸು ಹತ್ತಿದರು. ಮುಂದಿನ ಸೀಟಿನವನನ್ನು ಬರಿಯ ಕೆಮ್ಮಿಗೇ ಗದರಿಸಿದರು. ನನ್ನ ಮಣಿಕಟ್ಟು ಹಿಡಿದಾಗ ನಾನೇ ಬೆಚ್ಚಿದೆ. ಅವರ ಕೈ ಕಾದ ಹೆಂಚಿನಂತಿತ್ತು. ಅವರಿಗೂ ಇಂದೇ ಸರದಿ! ಬಳಿಕ ಸೀತಮ್ಮನ ಕೈ ಮುಟ್ಟಿದರು, ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಮುಟ್ಟಿದರು.

“ತಣ್ಣಗಿದೆ ಅಮ್ಮ. ಹೋಗಿ.”

ಇಳಿಯುವಾಗ ಅವರು ತಡವರಿಸಿ ಬಾಗಿಲ ಕಂಬಿ ಹಿಡಿದುಕೊಂಡರು. ಸೀತಮ್ಮನಿಗೆ ತಡೆಯಲಾಗಲಿಲ್ಲ. ನಾನು ತಡೆಯುವ ಮೊದಲೇ ಸೆರಗಿನ ಗಂಟು ಬಿಚ್ಚಿ, ತನ್ನ ಕ್ವಿನೈನ್ ಪೊಟ್ಟಣವನ್ನು ಕಿಟಕಿಯಿಂದ ಚಾಚಿದಳು.

“ಇದನ್ನ ನುಂಗಿ, ಕಂಬಳಿ ಹೊದ್ದು ಮಲಗಿ ಮಾರಾಯ್ರೆ.”

ಅವರು ಪೊಟ್ಟಣವನ್ನು ನೋಡಿದರು, ಬಳಿಕ ಅವಳ ಕಣ್ಣುಗಳನ್ನು ನೋಡಿದರು.

“ನಿಮಗೆ?” ಎಂದರು.

“ನಂಗೆ ಕಡಲ ಗಾಳಿ ಸಾಕು.”

ಅವರು ಪೊಟ್ಟಣವನ್ನು ಜೇಬಿಗಿಳಿಸಿ, ಗೇಟು ಎತ್ತುವಂತೆ ಕೈಬೀಸಿದರು.